ಗುರುವಾರದ ನೀರು

ಬೆಳಗ್ಗೆ ಎದ್ದು ದೇವರ ಪಟ ನೋಡುವ ಮೊದಲು ಬೆಟ್ಟಯ್ಯ ಗಾಜಿನ ಬಟ್ಟಲು ನೋಡುತ್ತಿದ್ದ. ಹಾಗಂತ ಅವನನ್ನು ನಾಸ್ತಿಕನೆಂದು ಯಾರೂ ತಿಳಿಯಬಾರದು. ದೇವರ ಪಟ ಇದ್ದದ್ದು ಅವನ ತಲೆಯ ಮೇಲುಗಡೆ, ಬಟ್ಟಲು ಇದ್ದದ್ದು ಕಾಲ ದೆಸೆಯಲ್ಲಿ, ಎಂಜಿನ್ನಿನ ಮರದ ಮುಚ್ಚಳದ ಕೆಳಗೆ. ದೋಣಿಯೊಳಗಿನ ಆ ಗೂಡಿನಲ್ಲಿ ಎದ್ದು ಕೂತವನ ಕಣ್ಣು ಕಾಲಿನ ಕಡೆಗೇ ತಾನೆ ಮೊದಲು ಹೋಗುವುದು? ಮುಚ್ಚಳ ಎತ್ತಿ, ಟಾರ್ಚು ಹಿಡಿದು, ಡೀಸೆಲ್ ಫಿಲ್ಟರಿನ ಅಡಿಯಲ್ಲಿ ಕೂತಿದ್ದ ಬಟ್ಟಲನ್ನು ನೋಡಿ, "ಸರಿ" ಎಂದು ತನಗೆ ತಾನೇ ಹೇಳಿಕೊಂಡು ಆಮೇಲೆ ಕೈಮುಗಿಯುತ್ತಿದ್ದ.

ಟೀ ಲೋಟದಷ್ಟು ದೊಡ್ಡದಾದ, ದಪ್ಪ ಗಾಜಿನ ಬಟ್ಟಲು ಅದು. ಟ್ಯಾಂಕಿಯಿಂದ ಎಂಜಿನ್ನಿಗೆ ಹೋಗುವ ಡೀಸೆಲ್ ಅದರ ಮೂಲಕವೇ ಹಾಯಬೇಕು. ಡೀಸೆಲ್ಲಿನಲ್ಲಿ ನೀರು ಸೇರಿದ್ದರೆ ಅದು ಭಾರವಾಗಿ ತಳಕ್ಕೆ ಇಳಿದು ಕೂರುತ್ತದೆ. ತುಕ್ಕಿನ ಪುಡಿ ಇದ್ದರೆ ಅದೂ ಕೂರುತ್ತದೆ. ಬಟ್ಟಲು ಜೇನುತುಪ್ಪದ ಬಣ್ಣದಲ್ಲಿ ತಿಳಿಯಾಗಿದ್ದರೆ ಎಂಜಿನ್ನಿಗೆ ಆರೋಗ್ಯ. ತಳದಲ್ಲಿ ನೀರು ಕಂಡರೆ ಅಡಿಯ ತಿರುಪು ಬಿಚ್ಚಿ ಇಳಿಸಬೇಕು. ಕಪ್ಪು ಲೋಳೆ ಕಂಡರೆ ಟ್ಯಾಂಕಿಯೇ ಕೊಳೆಯುತ್ತಿದೆ ಎಂದು ಅರ್ಥ. ಕಟ್ಟಿಹಾಕಿದ ದೋಣಿಗೇ ಈ ರೋಗ ಹೆಚ್ಚು. ಹಗಲಿನ ಬಿಸಿಗೂ ರಾತ್ರಿಯ ತಂಪಿಗೂ ಟ್ಯಾಂಕಿ ಒಳಗೊಳಗೇ ಬೆವರುತ್ತದೆ. ಆ ಬೆವರು ತಳದಲ್ಲಿ ಕೂತು, ಎಂದಾದರೂ ಒಂದು ದಿನ ದೋಣಿ ಅಲೆಗೆ ಸಿಕ್ಕಿ ಕುಲುಕಿದಾಗ ಕಸವೆಲ್ಲ ಮೇಲೆದ್ದು ಫಿಲ್ಟರು ಕಟ್ಟಿಕೊಂಡು, ನಡುಸಮುದ್ರದಲ್ಲಿ ಎಂಜಿನ್ ಕೈಕೊಡುತ್ತದೆ. ಬಸ್ಸಾದರೆ ಜನ ಇಳಿದು ತಳ್ಳುತ್ತಾರೆ. ದೋಣಿಯನ್ನು ತಳ್ಳುವವರು ಯಾರು?

ಬೆಟ್ಟಯ್ಯನಿಗೆ ಬಸ್ಸುಗಳ ಹೋಲಿಕೆಯೇ ನಾಲಿಗೆಗೆ ಬರುವುದಕ್ಕೆ ಕಾರಣವಿತ್ತು. ಹುಣಸೂರಿನ ಒಂದು ಖಾಸಗಿ ಬಸ್ ಕಂಪನಿಯ ಶೆಡ್ಡಿನಲ್ಲಿ ಹನ್ನೆರಡು ವರ್ಷ ಮೆಕ್ಯಾನಿಕ್ ಆಗಿದ್ದವನು ಅವನು. ಎಪ್ಪತ್ತೊಂಬತ್ತರಲ್ಲಿ ಕುವೈತಿಗೆ ಬಂದು, ಮೂರು ವರ್ಷ ಜನರೇಟರುಗಳ ಹೊಗೆ ಕುಡಿದು, ಆಮೇಲೆ ಮುತ್ತಲಿಬ್ ಎಂಬ ಮುದುಕರ ಕಣ್ಣಿಗೆ ಬಿದ್ದ. ಅವರು ಊರಿಗೆ ಹೊರಟ ಒಬ್ಬ ಇಂಗ್ಲಿಷ್ ಎಂಜಿನಿಯರನಿಂದ ಹಾಯಿದೋಣಿಯೊಂದನ್ನು ಕೊಂಡಿದ್ದರು. ಹೆಸರು ಲೂಲುವಾ, ಮುತ್ತು ಎಂದು ಅರ್ಥವಂತೆ. ಕೊಲ್ಲಿಯ ಆಚೆ ಕಡೆ ನೆರೆಯ ದೇಶಗಳ ಯುದ್ಧ ನಡೆಯುತ್ತಿದ್ದುದರಿಂದ ಅದನ್ನು ದೂರ ಒಯ್ಯುವ ಹಾಗಿರಲಿಲ್ಲ. ಹಾಯಿಗಳು ಚೀಲದಲ್ಲೇ ಸುತ್ತಿಕೊಂಡಿದ್ದವು. ಎರಡು ತಿಂಗಳಿಗೊಮ್ಮೆ ಎಂಜಿನ್ ಹಾಕಿಕೊಂಡು ಕಣ್ಣಿಗೆ ಕಾಣುವಷ್ಟು ದೂರ ಹೋಗಿ ಬಂದರೆ ಅದೇ ಅದರ ಲೋಕಸಂಚಾರ. ಹುಣಸೂರಿನಲ್ಲಿ ಕೆರೆಗಿಂತ ದೊಡ್ಡ ನೀರು ಕಾಣದ ಬೆಟ್ಟಯ್ಯ ಹೀಗೆ ಹಾಯಿದೋಣಿಯ ಡಾಕ್ಟರಾಗಿ, ಫಿಂಟಾಸ್‌ನ ಸಣ್ಣ ದೋಣಿಕಟ್ಟೆಯಲ್ಲಿ, ದೋಣಿಯೊಳಗೇ ವಾಸವಾದ.

ಒಂಟಿತನ ಎಂದರೆ ಏನೆಂದು ಅವನಿಗೆ ಅಲ್ಲಿ ಗೊತ್ತಾಯಿತು. ಜನರೇಟರು ಕಂಪನಿಯ ಕ್ಯಾಂಪಿನಲ್ಲಿ ಒಂದು ಕೋಣೆಗೆ ಎಂಟು ಜನ. ಗೊರಕೆಗೂ ಬೈಗುಳಕ್ಕೂ ಬರವಿರಲಿಲ್ಲ. ಇಲ್ಲಿ ಹನ್ನೊಂದು ದೋಣಿ, ಗೇಟಿನಲ್ಲಿ ಸದಾ ತೂಕಡಿಸುವ ಒಬ್ಬ ಈಜಿಪ್ಟಿನ ಕಾವಲುಗಾರ, ಮಿಕ್ಕಿದ್ದೆಲ್ಲ ಸಮುದ್ರ. ಒಂದು ಸಲ ಅಂಗಡಿಯವನ ಹತ್ತಿರ ಖುಬ್ಬೂಸ್ ರೊಟ್ಟಿ ಕೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ನಾಲ್ಕು ದಿನ ಮಾತಾಡದೆ ಗಂಟಲು ತುಕ್ಕು ಹಿಡಿದಿತ್ತು. ಬೆಟ್ಟಯ್ಯ ಹೆದರಿಬಿಟ್ಟ. ಅವತ್ತಿನಿಂದ ಎಂಜಿನ್ನಿನ ಜೊತೆ ಮಾತಾಡಲು ಶುರುಮಾಡಿದ.

ಊರಿನಿಂದ ಕಾಗದ ಬರುತ್ತಿತ್ತು, ಇಲ್ಲವೆಂದಲ್ಲ. ಹೆಂಡತಿ ಕಾವೇರಮ್ಮನಿಗೆ ಬರೆಯಲು ಬಾರದು. ಪಕ್ಕದ ಮನೆಯ ಉಮಾವತಿ ಬರೆದುಕೊಡುತ್ತಿದ್ದಳು. "ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ, ಮಳೆ ಪರವಾಗಿಲ್ಲ, ಎಮ್ಮೆ ಈದಿದೆ." ಉಮಾವತಿಯ ಅಕ್ಷರ ಬಹಳ ದುಂಡಗೆ. ಆದರೆ ಆ ದುಂಡಗಿನ ಅಕ್ಷರದಲ್ಲಿ ಕಾವೇರಮ್ಮನ ಮಾತು ಎಲ್ಲೂ ಸಿಗುತ್ತಿರಲಿಲ್ಲ. ಗಂಡನಿಗೆ ಹೇಳುವ ಮಾತನ್ನು ಪಕ್ಕದ ಮನೆಯವಳ ಕೈಯಲ್ಲಿ ಬರೆಸುವುದಕ್ಕೆ ಯಾವ ಹೆಂಗಸಿಗೆ ಮನಸ್ಸು ಬರುತ್ತದೆ? ಅವನು ಕಾಗದವನ್ನು ಎರಡು ಸಲ ಓದಿ, ಮೂಸಿ, ಮಡಿಸಿಡುತ್ತಿದ್ದ.

ಉಳಿದದ್ದು ಗುರುವಾರ. ಮಾರನೇ ದಿನ ಶುಕ್ರವಾರದ ರಜೆ. ಗುರುವಾರ ಮಧ್ಯಾಹ್ನದ ನಮಾಜು ಮುಗಿಸಿ ಮುತ್ತಲಿಬ್ ಬರುತ್ತಿದ್ದರು. ಕಾರಿನ ಡ್ರೈವರ್ ಹಂಝ, ಬಂಟ್ವಾಳದ ಕಡೆಯ ಬ್ಯಾರಿ. ಕನ್ನಡದವನೇನೋ ಹೌದು, ಆದರೆ ಕಾರು ನಿಂತ ಕೂಡಲೇ ಸೀಟು ಹಿಂದಕ್ಕೆ ಮಲಗಿಸಿ ನಿದ್ದೆ ಹೊಡೆಯುವ ಗಿರಾಕಿ. ಮುದುಕರು ಕಟ್ಟೆಯ ಮೇಲೇ ನಿಂತು ಕೇಳುತ್ತಿದ್ದರು:

"ಗ್ಲಾಸ್ ಹೇಗಿದೆ, ಉಸ್ತಾದ್?"

"ಸಾಫ್, ಬಾಬಾ."

"ಅಲ್‌ಹಮ್ದುಲಿಲ್ಲಾ."

ಎರಡು ನಿಮಿಷ ಎಂಜಿನ್ ಓಡಿಸಬೇಕು. ತಲೆ ಓರೆ ಮಾಡಿ ಕೇಳುವರು. ಆಮೇಲೆ ಕೈಯೆತ್ತಿ ಹೊರಟುಬಿಡುವರು. ಎಲ್ಲ ಸೇರಿ ಐದು ನಿಮಿಷ. ಇಬ್ಬರೂ ಆಡುತ್ತಿದ್ದದ್ದು ಹಿಂದಿ. ಒಬ್ಬರದು ಪ್ರಾಯದಲ್ಲಿ ಬೊಂಬಾಯಿ ಬಂದರಿನಲ್ಲಿ ಕಲಿತದ್ದು, ಇನ್ನೊಬ್ಬನದು ಬಸ್ ಶೆಡ್ಡಿನಲ್ಲಿ ಕಲಿತದ್ದು. ಎರಡೂ ಕುಂಟು, ಆದ್ದರಿಂದ ಜೊತೆಯಾಗಿ ನಡೆಯುತ್ತಿದ್ದವು. ನಾನು ಇಲ್ಲಿ ಅದನ್ನು ನೆಟ್ಟಗೆ ಮಾಡಿ ಹೇಳುತ್ತಿದ್ದೇನೆ, ಅಷ್ಟೇ.

ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಎರಡು ದಿನ ಮಳೆ ಬಿತ್ತು. ಮೂರನೇ ದಿನ ಗುರುವಾರ. ಬೆಳಗ್ಗೆ ಟಾರ್ಚು ಬಿಟ್ಟರೆ ಬಟ್ಟಲಿನ ತಳದಲ್ಲಿ ಬೆರಳಗಲ ನೀರು! ಡೀಸೆಲ್ ತುಂಬುವ ಬಾಯಿಯ ಮುಚ್ಚಳದಲ್ಲಿ ರಬ್ಬರು ಬಳೆ ಒಡೆದಿತ್ತು, ಮಳೆ ಒಳಗಿಳಿದಿತ್ತು. ಮಧ್ಯಾಹ್ನ ಮುತ್ತಲಿಬ್ ಬಂದು ಎಂದಿನಂತೆ ಕೇಳಿದಾಗ ಬೆಟ್ಟಯ್ಯ, "ನೀರು ಬಂದಿದೆ, ಬಾಬಾ" ಎಂದ.

ಮುದುಕರು ಚಪ್ಪಲಿ ಬಿಟ್ಟರು. ಬಿಳಿ ಅಂಗಿಯ ಅಂಚನ್ನು ಎತ್ತಿಕಟ್ಟಿ, ಬೆಟ್ಟಯ್ಯ ಕೈಕೊಡುವ ಮೊದಲೇ ದೋಣಿಗೆ ಇಳಿದು, ಎಂಜಿನ್ನಿನ ಮುಂದೆ ಮೊಣಕಾಲೂರಿ ಕೂತರು. ಬೆಟ್ಟಯ್ಯ ತಿರುಪು ಸಡಿಲಿಸಿ ನೀರನ್ನು ಸ್ಟೀಲಿನ ಚೊಂಬಿಗೆ ಇಳಿಸಿದ. ಅವರು ಅದರಲ್ಲಿ ಬೆರಳು ಅದ್ದಿ ನಾಲಿಗೆಗೆ ತಾಗಿಸಿ, ಸಮುದ್ರಕ್ಕೆ ಉಗಿದರು.

"ಉಪ್ಪಿಲ್ಲ. ಸಮುದ್ರ ಒಳಗೆ ಬಂದಿಲ್ಲ, ಮಳೆ. ಹೆದರಬೇಡ."

ಹೊಸ ಬಳೆ ಹಾಕಿ ಮುಗಿಸುವ ಹೊತ್ತಿಗೆ ಬೆಟ್ಟಯ್ಯ ಒಲೆ ಹಚ್ಚಿ ಟೀ ಇಟ್ಟಿದ್ದ. ಹಾಲಿಲ್ಲದ ಟೀ, ಎರಡು ಏಲಕ್ಕಿ ಕುಟ್ಟಿ ಹಾಕಿದ್ದು. ಮುದುಕರು ಕುಡಿದರು, ಇನ್ನೊಂದು ಲೋಟ ಕೇಳಿದರು, ತಲೆಯ ಬಟ್ಟೆ ತೆಗೆದು ಪಕ್ಕಕ್ಕಿಟ್ಟು ಕಥೆ ಹೇಳಲು ಶುರುಮಾಡಿದರು. ಹದಿನೈದನೇ ವಯಸ್ಸಿಗೆ ಅವರು ತಂದೆಯ ಹಾಯಿ ಹಡಗಿನಲ್ಲಿ ಮಂಗಳೂರಿಗೆ ಹೋಗಿದ್ದರು, ಹೆಂಚು ಮತ್ತು ಹಗ್ಗ ತರಲು. ಅಲ್ಲಿ ಯಾರೋ ಒಂದು ದೊಡ್ಡ ಹಸಿರು ಮುಳ್ಳುಹಣ್ಣು ಕೊಟ್ಟರಂತೆ. ಹೇಗೆ ತಿನ್ನುವುದೆಂದು ಗೊತ್ತಿಲ್ಲದೆ ಬರಿಗೈಯಲ್ಲಿ ಸೀಳಿ, ಅಂಟು ಮೆತ್ತಿಕೊಂಡು, ಸೋಪು ಹಚ್ಚಿದರೂ ಹೋಗದೆ, ಆ ಕೈಯಲ್ಲೇ ಹಗ್ಗ ಹಿಡಿದು, ಹಗ್ಗವೂ ಕೈಯೂ ಒಂದಾಗಿ, ಮೂರು ದಿನ ತಂದೆಯ ಕೈಯಲ್ಲಿ ಬೈಸಿಕೊಂಡರಂತೆ.

"ಹಲಸು, ಬಾಬಾ! ಅದು ಹಲಸು! ಕೈಗೆ ಎಣ್ಣೆ ಸವರ್ಕೋಬೇಕಿತ್ತು!" ಎಂದು ಬೆಟ್ಟಯ್ಯ ಹಿಂದಿಯನ್ನು ಮರೆತು ಕನ್ನಡದಲ್ಲೇ ಕೂಗಿ, ಹೊಟ್ಟೆ ಹಿಡಿದು ನಕ್ಕ. ಆ ನಗು ಅವನ ಕಿವಿಗೇ ಹೊಸದಾಗಿ ಕೇಳಿಸಿತು. ಮುದುಕರು ಎದ್ದು ಹೋಗುವಾಗ ಎರಡು ಗಂಟೆ ಕಳೆದಿತ್ತು. ಅವತ್ತು ಬೆಟ್ಟಯ್ಯನಿಗೆ ಎಷ್ಟೋ ತಿಂಗಳ ನಂತರ ಒಳ್ಳೆಯ ನಿದ್ದೆ ಬಂತು.

ಮುಂದಿನ ಗುರುವಾರ ಬಟ್ಟಲು ತಿಳಿಯಾಗಿತ್ತು. "ಸಾಫ್, ಬಾಬಾ." "ಅಲ್‌ಹಮ್ದುಲಿಲ್ಲಾ." ಐದು ನಿಮಿಷ. ಕಾರು ತಿರುಗಿ ಹೋಗುವುದನ್ನು ನೋಡುತ್ತ ನಿಂತ ಬೆಟ್ಟಯ್ಯನಿಗೆ ಎಂಜಿನ್ನಿನ ಮೇಲೆ ಸಿಟ್ಟು ಬಂತು. ಎಂಜಿನ್ ಚೆನ್ನಾಗಿದೆಯೆಂದು ಹೊಟ್ಟೆ ಉರಿದುಕೊಂಡ ಮೆಕ್ಯಾನಿಕ್ ಭೂಮಿಯ ಮೇಲೆ ಅವನೊಬ್ಬನೇ ಇರಬೇಕು.

ಇಲ್ಲಿ ಬಸ್ ಶೆಡ್ಡಿನ ಒಂದು ಗುಟ್ಟು ಹೇಳಬೇಕು. ರಜೆ ಸಿಗದ ಡ್ರೈವರುಗಳಿಗೆ ಅಲ್ಲಿ ಒಂದು ವಿದ್ಯೆ ಗೊತ್ತಿತ್ತು. ಮಗಳ ಆರತಿ ಇದೆ, ಹೆಂಡತಿಗೆ ಹೆರಿಗೆ ನೋವು, ಮಾಲೀಕ ರಜೆ ಕೊಡಲೊಲ್ಲ. ಆಗ ಫಿಲ್ಟರಿನ ಬಟ್ಟಲು ಬಿಚ್ಚಿ ಎರಡು ಚಮಚ ನೀರು ಹಾಕಿಬಿಟ್ಟರೆ ಬಸ್ಸು ಶೆಡ್ಡಿಗೆ, ಡ್ರೈವರು ಮನೆಗೆ. ಈ ಕಳ್ಳತನ ಹಿಡಿಯುವುದರಲ್ಲಿ ಬೆಟ್ಟಯ್ಯ ಎತ್ತಿದ ಕೈ. ಟ್ಯಾಂಕಿಯಿಂದ ಇಳಿದ ನೀರಿನಲ್ಲಿ ತುಕ್ಕಿನ ಬಣ್ಣ ಇರುತ್ತದೆ. ಹಾಕಿದ ನೀರು ತೊಳೆದ ಕನ್ನಡಿಯ ಹಾಗಿರುತ್ತದೆ. "ಬಾವಿ ನೀರು ಕಣಯ್ಯಾ ಇದು, ಮೀನು ಒಂದು ಇಲ್ಲ ಅಷ್ಟೆ" ಎಂದು ಎಷ್ಟೋ ಜನರ ಮಾನ ಕಳೆದಿದ್ದ.

ಮೂರನೇ ಗುರುವಾರ, ಬೇಲಿಯೇ ಎದ್ದು ಹೊಲ ಮೇಯಿತು. ಡೀಸೆಲ್ಲಿನ ನಲ್ಲಿ ಮುಚ್ಚಿ, ಬಟ್ಟಲು ಬಿಚ್ಚಿ, ಬೆಟ್ಟಯ್ಯ ನೀರು ಹಾಕಿದ. ಬರಿಯ ನೀರು ಹಾಕುವಷ್ಟು ದಡ್ಡನಲ್ಲ. ಕೆಟ್ಲಿಯಲ್ಲಿ ಆರಿ ಉಳಿದಿದ್ದ ತೆಳು ಟೀ ಎರಡು ಚಮಚ. ತುಕ್ಕಿನ ಬಣ್ಣ ಹೇಳಿ ಮಾಡಿಸಿದ ಹಾಗೆ ಕೂತಿತು. ಅದನ್ನು ಇಳಿಸಿ ಒರೆಸುವ ತನಕ ಎಂಜಿನ್ ಹಚ್ಚಲಿಲ್ಲ, ಒಂದು ಹನಿಯೂ ಆಚೆ ದಾಟಲು ಬಿಡಲಿಲ್ಲ. ಕಳ್ಳತನದಲ್ಲೂ ಕಸುಬು ಬಿಡದ ಮನುಷ್ಯ.

"ನೀರು ಬಂದಿದೆ, ಬಾಬಾ."

ಮುದುಕರು ಚಪ್ಪಲಿ ಬಿಟ್ಟರು.

ಅಲ್ಲಿಂದ ನಾಲ್ಕು ತಿಂಗಳು ಹಾಗೇ ನಡೆಯಿತು. ಅನುಮಾನ ಬರದಿರಲೆಂದು ನಡುನಡುವೆ ಒಂದು ವಾರ ಬಟ್ಟಲನ್ನು ತಿಳಿಯಾಗಿಯೇ ಬಿಡುತ್ತಿದ್ದ. ಆ ವಾರ ಅವನಿಗೆ ಏಕಾದಶಿಯ ಉಪವಾಸ. ಉಳಿದ ಗುರುವಾರಗಳಲ್ಲಿ ನೀರು ಇಳಿಸುವುದು, ಬೆರಳು ಅದ್ದುವುದು, ಉಗಿಯುವುದು, ಟೀ. ಮುತ್ತಲಿಬ್ ಖರ್ಜೂರ ತರುತ್ತಿದ್ದರು. ಬೆಟ್ಟಯ್ಯ ಉಪ್ಪಿಟ್ಟು ಮಾಡುತ್ತಿದ್ದ. ಮುದುಕರು ಹಸಿಮೆಣಸಿನಕಾಯಿಯನ್ನು ಒಂದೊಂದಾಗಿ ಆರಿಸಿ ಸಮುದ್ರಕ್ಕೆ ಎಸೆದು, "ಮೀನುಗಳು ಸಾಯುತ್ತವೆ" ಎನ್ನುತ್ತ ತಿನ್ನುತ್ತಿದ್ದರು. ಅವರ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ರುಮೈಥಿಯಾದಲ್ಲಿ ದೊಡ್ಡ ಮನೆ, ಮಗ ಜಾಸಿಮ್, ಸೊಸೆ, ಐದು ಮೊಮ್ಮಕ್ಕಳು.

"ಮನೆ ತುಂಬ ಜನ, ಉಸ್ತಾದ್. ಎಲ್ಲರೂ ಸಲಾಂ ಹೇಳುತ್ತಾರೆ, ಕೈಗೆ ಮುತ್ತಿಡುತ್ತಾರೆ. ಆದರೆ ಯಾರೂ ಕೂರುವುದಿಲ್ಲ" ಎಂದರು ಒಂದು ದಿನ.

ಬೆಟ್ಟಯ್ಯನಿಗೆ ಆ ಮಾತು ಎದೆಗೆ ತಾಗಿತು. ತನಗೂ ಇವರಿಗೂ ಒಂದೇ ಕಾಯಿಲೆ ಎಂದುಕೊಂಡ. ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಅವರು ಕಫೀಲ್, ಅವನಿಗೆ ಜಾಮೀನು ನಿಂತ ಧಣಿ; ಅವನ ಇಕಾಮಾ, ಅಂದರೆ ಆ ದೇಶದಲ್ಲಿರುವ ಪರವಾನಗಿ, ಅವರ ಹೆಸರಿನಲ್ಲಿದೆ. ಯಜಮಾನರಿಗೆ ನೀವೂ ನಾನೂ ಒಂದೇ ಎನ್ನುವುದು ಹೇಗೆ? ಇನ್ನೊಂದು ಲೋಟ ಟೀ ಬಗ್ಗಿಸಿದ.

ಜೂನ್ ತಿಂಗಳ ಒಂದು ಸೋಮವಾರ ಹಂಝ ಒಬ್ಬನೇ ಬಂದ. ಕಾರಿನಿಂದ ಇಳಿದೂ ಬಂದ, ಅದೇ ಅಪಶಕುನ.

"ಬೆಟ್ಟಯ್ಯಣ್ಣ, ವಿಷಯ ಗೊತ್ತುಂಟಾ? ನಿಮ್ಮ ದೋಣಿ ಮಾರ್ತಾರಂತೆ."

"ಯಾರಪ್ಪ ಹೇಳಿದ್ದು?"

"ಜಾಸಿಮ್ ಮಾರಾಯ್ರೆ. ಬಹ್ರೇನಿನವ ಒಬ್ಬ ಬಂದು ಮಾತಾಡಿ ಹೋಗಿದ್ದಾನೆ. ಬಾಬಾನಿಗೆ ಎಪ್ಪತ್ತು ದಾಟಿತು, ಈ ಬಿಸಿಲಲ್ಲಿ ವಾರ ವಾರ ಬರುವುದು ಯಾಕೆ ಅಂತ ಮಗನಿಗೆ ಕಿರಿಕಿರಿ. ಕೇಳಿದರೆ ಬಾಬಾ ಎಂತ ಹೇಳುವುದು? ಎಂಜಿನ್ನಿಗೆ ನೀರು ಬರ್ತದೆ, ನಾನು ನೋಡದಿದ್ದರೆ ಆಗುವುದಿಲ್ಲ ಅಂತ. ಹಾಗಾದರೆ ಇಂಥ ರೋಗದ ದೋಣಿ ನಮಗೆ ಬೇಡವೇ ಬೇಡ, ಖಲಾಸ್ ಅಂತ ಮಗ."

ಬೆಟ್ಟಯ್ಯ ಕಟ್ಟೆಯ ಮೇಲೆ ಕೂತುಬಿಟ್ಟ. "ದೋಣಿಗೆ ಯಾವ ರೋಗಾನೂ ಇಲ್ಲ ಕಣೋ ಹಂಝ."

"ನಿಮಗೇ ಗೊತ್ತಲ್ಲ, ವಾರ ವಾರ ನೀರು ತೆಗೆಯುವುದು ನೀವೇ ಅಲ್ವಾ?" ಎಂದು ಹಂಝ ಕಾರು ಹತ್ತಿದ.

ಆ ಮೂರು ದಿನ ಬೆಟ್ಟಯ್ಯ ಅದನ್ನೇ ಲೆಕ್ಕ ಹಾಕಿದ. ಗುರುವಾರವನ್ನು ಉಳಿಸಿಕೊಳ್ಳಲು ಹೋಗಿ ಗುರುವಾರದ ಬುಡಕ್ಕೇ ಕೊಡಲಿ ಹಾಕಿದ್ದ. ನಿಜ ಹೇಳಿದರೆ ದೋಣಿ ಉಳಿದೀತು. ಆದರೆ ಫಿಲ್ಟರಿಗೆ ನೀರು ಹಾಕಿದ ಮೆಕ್ಯಾನಿಕ್ಕನ ಮುಖವನ್ನು ಯಾವ ಯಜಮಾನ ಮತ್ತೆ ನೋಡುತ್ತಾನೆ? ಹುಣಸೂರಿನಲ್ಲಿ ತಾನು ಮಾನ ಕಳೆದ ಡ್ರೈವರುಗಳೆಲ್ಲ ಸಾಲಾಗಿ ನಿಂತು ನಗುತ್ತಿರುವ ಹಾಗೆ ಅನ್ನಿಸಿತು. ಹೇಳದಿದ್ದರೆ ದೋಣಿ ಹೋಗುತ್ತದೆ, ಮುದುಕರೂ ಹೋಗುತ್ತಾರೆ. ಕೊನೆಗೆ, ಅವರು ಬೈದರೂ ಚಿಂತೆಯಿಲ್ಲ, ಬೈಯುವುದಕ್ಕಾದರೂ ಬರಲಿ ಎಂದು ತೀರ್ಮಾನಿಸಿದ.

ಗುರುವಾರ ಬಟ್ಟಲನ್ನು ಒರೆಸಿ ಫಳಫಳ ಮಾಡಿಟ್ಟ. ಮುತ್ತಲಿಬ್ ಬಂದರು, ಆದರೆ ಪ್ರಶ್ನೆ ಕೇಳಲಿಲ್ಲ. ನೇರ ಚಪ್ಪಲಿ ಬಿಟ್ಟು ದೋಣಿಗಿಳಿದು, ತಮ್ಮ ಜಾಗದಲ್ಲಿ ಕೂತರು.

"ಬಾಬಾ, ದೋಣಿ ಮಾರಬೇಡಿ. ಎಂಜಿನ್ ಚೆನ್ನಾಗಿದೆ. ಆ ನೀರು..." ಬೆಟ್ಟಯ್ಯ ಬಟ್ಟಲಿನ ಕಡೆ ಕೈ ತೋರಿಸಿದ. "ಮಳೆ ಬಂದಾಗ ಬಂದದ್ದೊಂದೇ ನಿಜ. ಆಮೇಲಿನದೆಲ್ಲ ನಾನೇ ಹಾಕಿದ್ದು."

ಮುದುಕರು ಅಂಗಿಯ ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದರು. ಅದರ ಮಧ್ಯದಲ್ಲಿ ಕಪ್ಪಗೆ ಸಾಸಿವೆಗಿಂತ ತುಸು ದೊಡ್ಡದಾದ ಹತ್ತು ಹನ್ನೆರಡು ಕಾಳು.

"ಡೀಸೆಲ್ ಟ್ಯಾಂಕಿಯಲ್ಲಿ ಏಲಕ್ಕಿ ಬೆಳೆಯುತ್ತದಾ, ಉಸ್ತಾದ್?"

ಬೆಟ್ಟಯ್ಯ ನೋಡಿದ. ಕೆಟ್ಲಿಯ ತಳದ ಟೀ ಅಲ್ಲವೇ, ಜೊತೆಗೆ ಏಲಕ್ಕಿಯ ಕಾಳೂ ಬಂದಿತ್ತು. ಬಣ್ಣ ನೋಡಿದ ಮೆಕ್ಯಾನಿಕ್ ಕಾಳು ನೋಡಿರಲಿಲ್ಲ.

"ಮೊದಲನೇ ದಿನವೇ ಬೆರಳಿಗೆ ಒಂದು ಸಿಕ್ಕಿತು" ಎಂದರು ಮುದುಕರು. "ಆಮೇಲೆ ವಾರಕ್ಕೊಂದು ಹುಡುಕುತ್ತಿದ್ದೆ."

"ಗೊತ್ತಿದ್ದೂ ಬೈಯಲಿಲ್ಲ ಯಾಕೆ, ಬಾಬಾ?"

"ಬೈದಿದ್ದರೆ ನೀನು ನಿಲ್ಲಿಸುತ್ತಿದ್ದೆ." ಅವರು ಕರ್ಚೀಫನ್ನು ಮತ್ತೆ ಜೋಪಾನವಾಗಿ ಮಡಿಸಿದರು. "ಮುತ್ತಲಿಬ್ ತನ್ನ ಮೆಕ್ಯಾನಿಕ್ಕನ ಜೊತೆ ಕೂತು ಟೀ ಕುಡಿಯಲು ಹೋಗುತ್ತಾನೆ ಅಂತ ಮಗನಿಗೆ ಹೇಳಲಾ? ಎಂಜಿನ್ನಿಗೆ ನೀರು ಬಂದಿದೆ ಅಂತ ಹೇಳುವುದು ಸುಲಭ. ನೀನು ನೀರು ಹಾಕಿದೆ, ನಾನು ಅದನ್ನು ಮನೆಗೆ ಹೊತ್ತುಕೊಂಡು ಹೋದೆ. ದೋಣಿಯನ್ನು ಇಬ್ಬರೂ ಸೇರಿಯೇ ಮುಳುಗಿಸಿದ್ದೇವೆ."

ಬೆಟ್ಟಯ್ಯನಿಗೆ ನಗು ಬಂತೋ ಅಳು ಬಂತೋ, ಎರಡೂ ಬಂತು. ಅವತ್ತು ನೀರಿಲ್ಲದ ಬಟ್ಟಲನ್ನು ನಡುವೆ ಇಟ್ಟುಕೊಂಡು ಕತ್ತಲಾಗುವ ತನಕ ಕೂತರು. ಹೊರಡುವಾಗ ಮುದುಕರು, "ಜಾಸಿಮನಿಗೆ ನಿಜ ಹೇಳುತ್ತೇನೆ. ಏನಂದುಕೊಳ್ಳುತ್ತಾನೋ ಅಂದುಕೊಳ್ಳಲಿ. ಮುಂದಿನ ಗುರುವಾರ ಉಪ್ಪಿಟ್ಟಿಗೆ ಮೆಣಸಿನಕಾಯಿ ಹಾಕಬೇಡ" ಎಂದರು.

ಮುಂದಿನ ಗುರುವಾರ ಬೆಟ್ಟಯ್ಯ ಮೆಣಸಿನಕಾಯಿ ಇಲ್ಲದ ಉಪ್ಪಿಟ್ಟು ಮಾಡಿ ಮುಚ್ಚಿಟ್ಟ. ಮಧ್ಯಾಹ್ನದ ನಮಾಜು ಮುಗಿಯಿತು, ಸಂಜೆಯದೂ ಮುಗಿಯಿತು. ಉಪ್ಪಿಟ್ಟು ಗಟ್ಟಿಯಾಯಿತು. ಶನಿವಾರ ಹಂಝ ಬಂದು ಸುದ್ದಿ ಹೇಳಿದ. ಮಂಗಳವಾರ ಬೆಳಗ್ಗೆ ಕೈಕಾಲು ತೊಳೆಯಲು ಹೋದವರು ಅಲ್ಲೇ ಬಿದ್ದರಂತೆ. ಬಲಗಡೆ ಸ್ವಾಧೀನವಿಲ್ಲ. ಮಾತು ನಿಂತಿದೆ. ಜೀವಕ್ಕೆ ಅಪಾಯವಿಲ್ಲವಂತೆ.

"ಮಗನ ಹತ್ತಿರ ಏನಾದ್ರೂ ಹೇಳಿದ್ರಾ, ಅದಕ್ಕೆ ಮುಂಚೆ?" ಎಂದು ಬೆಟ್ಟಯ್ಯ ಕೇಳಿದ.

"ಎಂತದ್ದು?"

"ಏನಿಲ್ಲ ಬಿಡು."

ಜುಲೈನಲ್ಲಿ ಲೂಲುವಾ ಬಹ್ರೇನಿನವನ ಪಾಲಾಯಿತು. ಅವನ ಮೆಕ್ಯಾನಿಕ್ ಬಂದು, ಹಳೆಯ ಫಿಲ್ಟರನ್ನು ಬಟ್ಟಲಿನ ಸಮೇತ ಕಿತ್ತುಹಾಕಿ, ಹೊಸ ಮಾದರಿಯದನ್ನು ಕೂರಿಸಿದ. ಟ್ಯಾಂಕಿಯ ತಳಕ್ಕೆ ಕೋಲು ಇಳಿಸಿ ನೋಡಿ, "ಇಷ್ಟು ಸಾಫ್ ಟ್ಯಾಂಕಿ ನಾನು ಎಲ್ಲೂ ಕಂಡಿಲ್ಲ. ಕಾಯಿಲೆ ದೋಣಿ ಅಂದರಲ್ಲ?" ಎಂದ. ಬೆಟ್ಟಯ್ಯ ಕಸದಲ್ಲಿ ಬಿದ್ದಿದ್ದ ಗಾಜಿನ ಬಟ್ಟಲನ್ನು ಒರೆಸಿ ತನ್ನ ಟ್ರಂಕಿಗೆ ಹಾಕಿಕೊಂಡ. ದೋಣಿ ಕಟ್ಟೆಯಿಂದ ದೂರವಾಗುವಾಗ ಅಭ್ಯಾಸಬಲದಿಂದ ತಲೆ ಓರೆ ಮಾಡಿ ಎಂಜಿನ್ನಿನ ಸದ್ದು ಕೇಳಿದ. ಚೆನ್ನಾಗಿಯೇ ಇತ್ತು.

ಜಾಸಿಮ್ ಕೆಟ್ಟವನಲ್ಲ. ಊರಾಚೆಯ ತನ್ನ ಗೋದಾಮಿನಲ್ಲಿ ಜನರೇಟರು ನೋಡಿಕೊಂಡಿರಲು ಹೇಳಿದ, ಮಲಗಲು ತಗಡಿನ ಕೋಣೆ ಕೊಟ್ಟ. ಅಲ್ಲಿ ಸಮುದ್ರವೂ ಇರಲಿಲ್ಲ. ಜನರೇಟರಿಗೂ ಫಿಲ್ಟರು ಇತ್ತು, ಆದರೆ ತಗಡಿನದು. ಒಳಗೆ ಏನಿದೆಯೆಂದು ಹೊರಗಿನಿಂದ ಕಾಣುತ್ತಿರಲಿಲ್ಲ. ಒಂದು ಗುರುವಾರ ಹೋಯಿತು, ಎರಡು ಹೋದವು, ನಾಲ್ಕು ಹೋದವು. ಮುದುಕರನ್ನು ನೋಡಬೇಕೆಂದು ಜೀವ ಹಪಹಪಿಸಿತು. ಆದರೆ ಗೋದಾಮಿನ ಮೆಕ್ಯಾನಿಕ್ ಯಜಮಾನರ ಮನೆಗೆ ಏನೆಂದು ಹೋಗುವುದು? ಸುಮ್ಮನೆ ಹೋಗಿ ಸುಮ್ಮನೆ ಕೂರುವುದಕ್ಕೆ ಅವನು ನೆಂಟನೇ?

ಐದನೇ ಗುರುವಾರ ಬೆಟ್ಟಯ್ಯ ಟ್ರಂಕು ತೆರೆದ. ಬಟ್ಟಲಿನ ತಿರುಪು ಬಿಗಿ ಮಾಡಿ, ಕೆಟ್ಲಿಯಿಂದ ಎರಡು ಚಮಚ ಆರಿದ ಟೀ ಹಾಕಿ, ಅದರ ಮೇಲೆ ಡೀಸೆಲ್ ತುಂಬಿಸಿದ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಟವೆಲಿನಲ್ಲಿ ಸುತ್ತಿ, ಒಗೆದ ಅಂಗಿ ತೊಟ್ಟು ಬಸ್ಸು ಹತ್ತಿದ. ಆಗಸ್ಟಿನ ಬಿಸಿಲು, ಬಸ್ಸು ಬೆಂಕಿಪೊಟ್ಟಣವಾಗಿತ್ತು. ಡೀಸೆಲ್ ವಾಸನೆಗೆ ಪಕ್ಕದವನು ಮೂಗು ಮುಚ್ಚಿಕೊಂಡು ಬೇರೆ ಸೀಟಿಗೆ ಹೋದ. ಬೆಟ್ಟಯ್ಯ ಹಸುಗೂಸನ್ನು ಹಿಡಿದಂತೆ ಅದನ್ನು ತೊಡೆಯ ಮೇಲೆ ಹಿಡಿದು ಕೂತಿದ್ದ.

ರುಮೈಥಿಯಾದ ಮನೆಯ ಗೇಟಿನಲ್ಲಿ ಹಂಝ ಕಾರು ತೊಳೆಯುತ್ತಿದ್ದ. "ಎಂತ ಬೆಟ್ಟಯ್ಯಣ್ಣ, ಇಲ್ಲಿಗೆ? ಅದೆಂತ ಕೈಯಲ್ಲಿ?" ಎನ್ನುವಷ್ಟರಲ್ಲಿ ಬಾಗಿಲು ತೆರೆದು ಜಾಸಿಮನೇ ಬಂದ. ನಲವತ್ತು ದಾಟಿದ, ಸದಾ ಅವಸರದ ಮನುಷ್ಯ.

"ಏನು? ಜನರೇಟರು ಕೆಟ್ಟಿತಾ?"

"ಇಲ್ಲ, ಸಾಹೇಬ್." ಬೆಟ್ಟಯ್ಯ ಟವೆಲು ಬಿಚ್ಚಿ ಬಟ್ಟಲು ತೋರಿಸಿದ. "ಲೂಲುವಾದ ಫಿಲ್ಟರು. ನೀರು ಬಂದಿದೆ. ಬಾಬಾ ನೋಡಬೇಕು."

ಲೂಲುವಾವನ್ನು ಮಾರಿದವನು ಜಾಸಿಮನೇ. ಕಾಗದಕ್ಕೆ ರುಜು ಹಾಕಿದ್ದು ಅವನದೇ ಕೈ. ಅದು ಈಗ ಬಹ್ರೇನಿನ ಯಾವುದೋ ಬಂದರಿನಲ್ಲಿದೆ ಎಂದು ಅವನಿಗೂ ಗೊತ್ತು, ಬೆಟ್ಟಯ್ಯನಿಗೂ ಗೊತ್ತು, ಬಕೆಟ್ಟು ಹಿಡಿದು ಬಾಯಿ ಬಿಟ್ಟುಕೊಂಡು ನಿಂತ ಹಂಝನಿಗೂ ಗೊತ್ತು. ಜಾಸಿಮ್ ಬಟ್ಟಲನ್ನು ನೋಡಿದ. ಬೆವರಿನಲ್ಲಿ ಒದ್ದೆಯಾಗಿದ್ದ ಒಗೆದ ಅಂಗಿಯನ್ನು ನೋಡಿದ. ಅವನ ಅವಸರ ಎಲ್ಲಿಗೆ ಹೋಯಿತೋ, ತುಂಬ ಹೊತ್ತು ನೋಡಿದ. ಆಮೇಲೆ ಬಾಗಿಲು ಪೂರ್ತಿ ತೆರೆದು, "ಯಲ್ಲಾ, ಬಾ" ಎಂದ.

ಮುತ್ತಲಿಬ್ ಕಿಟಕಿಯ ಪಕ್ಕ ದಿಂಬುಗಳಿಗೆ ಒರಗಿದ್ದರು. ಮುಖದ ಬಲಭಾಗ ಜಾರಿತ್ತು. ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಬೆಟ್ಟಯ್ಯನ ಮೇಲೆ ಹಾದರೂ ಗುರುತು ಹಿಡಿದಂತೆ ಕಾಣಲಿಲ್ಲ. ಬೆಟ್ಟಯ್ಯ ಚಪ್ಪಲಿ ಬಿಟ್ಟು ಹತ್ತಿರ ಹೋಗಿ, ಮೊಣಕಾಲೂರಿ ಕೂತು, ಬಟ್ಟಲನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ.

"ನೀರು ಬಂದಿದೆ, ಬಾಬಾ."

ಕಣ್ಣುಗಳು ಬಟ್ಟಲಿನ ಮೇಲೆ ನಿಂತವು. ಡೀಸೆಲ್ಲಿನಿಂದ ಮೆಲ್ಲಗೆ ಕೆಳಗಿಳಿದು ತಳದ ಕಂದು ನೀರಿಗೆ ಬಂದವು. ಅಲ್ಲಿ ಏನನ್ನೋ ಹುಡುಕಿದವು. ಎಡಗೈ ಹೊದಿಕೆಯ ಮೇಲಿಂದ ಎದ್ದಿತು, ನಡುಗುತ್ತ ಬಂತು, ಉಗುರು ಗಾಜಿಗೆ ತಾಗಿ ಟಿಕ್ ಎಂದಿತು. ಸರಿಯಾಗಿ ಕಾಳು ಇದ್ದ ಕಡೆಗೆ.

ಮುದುಕರ ಬಾಯಿಯ ಎಡ ಅಂಚು ಮೇಲಕ್ಕೆ ಹೋಯಿತು. ಗಂಟಲಿನಿಂದ ಒಂದು ಸದ್ದು ಹೊರಟಿತು. ಸೊಸೆ ಗಾಬರಿಯಾಗಿ ಓಡಿಬಂದಳು. ಬಾಗಿಲಲ್ಲಿ ನಿಂತ ಜಾಸಿಮ್ ಕೈಸನ್ನೆಯಿಂದ ಅವಳನ್ನು ತಡೆದ. ಎರಡು ತಿಂಗಳಲ್ಲಿ ತಂದೆ ನಕ್ಕದ್ದು ಅದೇ ಮೊದಲು.

ಬೆಟ್ಟಯ್ಯ ಒಂದು ಗಂಟೆ ಕೂತ. ಮುದುಕರು ಅವನ ಮಣಿಕಟ್ಟನ್ನು ಹಿಡಿದಿದ್ದರು, ಬಿಡಲಿಲ್ಲ. ಈಗ ಕಥೆ ಹೇಳುವ ಸರದಿ ಅವನದು. ರಜೆ ಸಿಗದ ಡ್ರೈವರುಗಳ ಕಥೆ, ಮೀನಿಲ್ಲದ ಬಾವಿ ನೀರಿನ ಕಥೆ, ಮಂಗಳೂರಿನ ಹಲಸಿನ ಅಂಟಿನ ಕಥೆ. ಹಿಂದಿ ಮುಗಿದುಹೋದ ಕಡೆ ಕನ್ನಡದಲ್ಲೇ ಹೇಳಿದ, ಯಾರೂ ಬೇಡವೆನ್ನಲಿಲ್ಲ.

ಬಟ್ಟಲನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಬಂದಾಗ ಜಾಸಿಮ್ ಗೇಟಿನವರೆಗೂ ಜೊತೆಗೆ ಬಂದ. ಗೇಟು ತೆರೆದು ಕೇಳಿದ:

"ಎಂಜಿನ್ ಸರಿಹೋಯಿತಾ?"

"ಇಲ್ಲ, ಸಾಹೇಬ್" ಎಂದ ಬೆಟ್ಟಯ್ಯ. "ಮುಂದಿನ ಗುರುವಾರ ಇನ್ನೊಂದು ಸಲ ನೋಡಬೇಕು."

"ಬಿಸಿಲಲ್ಲಿ ಬಸ್ಸಿನಲ್ಲಿ ಬರಬೇಡ" ಎಂದ ಜಾಸಿಮ್. "ಹಂಝ ಬಂದು ಕರೆದುಕೊಂಡು ಬರುತ್ತಾನೆ."